ಸಿದ್ದೇಶ ಕಳಿಸಿದ ಪುಲ್ ರಿಕ್ವೆಸ್ಟ್

ಮದ್ದೂರು, ಮಾರ್ಚ್ 12, ಗುರುವಾರ

ಸಿದ್ದೇಶ ಇವತ್ತು ಸಿಟ್ಟಾದ. ಕೊಕ್ಕರೆ ಬೆಳ್ಳೂರಿನ ಹಕ್ಕಿಗೂಡುಗಳನ್ನು ಎಣಿಸಲು ನಾವಿಬ್ಬರೂ ಬರೆಯುತ್ತಿರುವ ಓಪನ್ ಸೋರ್ಸ್ ಆ್ಯಪ್‌ಗೆ ಬೆಳಿಗ್ಗೆ ಪುಲ್ ರಿಕ್ವೆಸ್ಟ್, ಅಂದರೆ ಕೋಡ್‌ನಲ್ಲಿ ತಾನು ಮಾಡಿದ ಬದಲಾವಣೆಯನ್ನು ನೋಡಿ ಸೇರಿಸಿಕೋ ಎಂಬ ಕೋರಿಕೆ, ಕಳಿಸಿದ್ದ. ಮೂರು ಬೇರೆ ಬೇರೆ ಬದಲಾವಣೆಗಳನ್ನು ಒಂದರಲ್ಲೇ ತುರುಕಿದ್ದ. ವಿವರದಲ್ಲಿ ‘ಸರಿ ಮಾಡಿದೆ’ ಎಂದಷ್ಟೇ ಇತ್ತು. ವಾಪಸ್ ಕಳಿಸಿದೆ. ತಕ್ಷಣ ಫೋನ್ ಮಾಡಿದ.

“ನನ್ ಮ್ಯಾಲೆ ನಂಬ್ಕೆ ಇಲ್ವೇನ್ಲಾ?”

“ನಂಬ್ಕೆ ಅದೆ ಕಣ್ಲಾ. ಏನ್ ಬದ್ಲಾಯಿಸ್ದೆ, ಯಾಕ್ ಬದ್ಲಾಯಿಸ್ದೆ ಅಂತ ಬರಿ. ಒಂದೊಂದ್ನೂ ಬ್ಯಾರೆ ಕಳ್ಸು.”

ಫೋನ್ ಇಟ್ಟ.

ಸಂಜೆ ಮೂರೂ ಬೇರೆಬೇರೆಯಾಗಿ ಬಂದವು. ಎರಡನ್ನು ಓದಿದ ಕೂಡಲೇ ಸೇರಿಸಿದೆ. ಮೂರನೆಯದನ್ನು ಅವನೇ ಹಿಂತೆಗೆದುಕೊಂಡು, ಕೆಳಗೆ ಬರೆದಿದ್ದ: ‘ಇದನ್ನು ಸೇರಿಸಿದ್ದರೆ ಹೋದ ವರ್ಷದ ಎಣಿಕೆಯೆಲ್ಲ ಅಳಿಸಿಹೋಗುತ್ತಿತ್ತು. ಯಾಕೆ ಬದಲಾಯಿಸಿದೆ ಎಂದು ಬರೆಯಲು ಕೂತಾಗ ಕಂಡಿತು.’

ಬೆಳಿಗ್ಗೆ ಅದನ್ನು ಪೂರ್ತಿ ಓದಿದ್ದ ನನಗೂ ಕಂಡಿರಲಿಲ್ಲ. ಹಾಗೆಂದು ಅದರ ಕೆಳಗೇ ಬರೆದೆ. ಕಣ್ಣು ಎಳೆಯುತ್ತಿದೆ, ಇನ್ನು ಮಲಗಬೇಕು.