ಗುಡ್ಡ ಏರಿದೆ ಅಪ್ಪಾ

ಚಿಂಚೋಳಿ, ೧೯೭೮

ಅಪ್ಪಾ,

ನೀ ತೀರಿಕೊಂಡ ಮ್ಯಾಲ ನಿನಗ ಯಾವ ವಿಳಾಸಕ್ಕ ಬರೀಲಿ? ಆದ್ರೂ ಹೇಳಲಾರದೆ ಇರಲಿಕ್ಕೆ ಆಗವಲ್ದು. ನಿನ್ನೆ ನಾ ಒಬ್ಬಾಕೇ ಚಂದ್ರಂಪಳ್ಳಿ ಗುಡ್ಡ ಏರಿದೆ. ಹೌದು, ನಾನೇ, ಒಂದು ಕಾಲು ಎಳಕೊಂಡು ನಡಿಯೋ ನಿನ್ನ ಪೀರಮ್ಮ!

ಈಗ ನಿನ್ನ ಜಾಗದಾಗ ಅಡವಿ ಕಾಯೋ ಖಾಜಾಮಿಯಾ ಚಾಚಾ ಕೆಳಗೇ ತಡದ್ರು. "ಈ ಕಾಲು ತಗೊಂಡು ಎಲ್ಲಿಗವ್ವಾ? ತಡಿ, ನಾನೂ ಬರ್ತೀನಿ" ಅಂದ್ರು.

"ಬ್ಯಾಡ ಚಾಚಾ, ಗುಡ್ಡದ ಮ್ಯಾಲಿನ ಕಾವಲು ಮನಿ ಚಾವಿ ಅಷ್ಟೇ ಕೊಡ್ರಿ" ಅಂದೆ.

ಕಡೀ ಏರಿನ್ಯಾಗ ಕಾಲು ನಿಲ್ಲಲೇ ಇಲ್ಲ. ಕೋಲು ಮ್ಯಾಲಕ್ಕ ಒಗದು, ಕುಂತಗೊಂಡೇ ಹಿಂದಹಿಂದಕ್ಕ ಸರಕೋತ ಏರಿದೆ. ಮೊಳಕೈ ತರಚಿತು, ಸೀರಿ ಹರೀತು. ತುದಿಗೆ ಹೋಗಿ ನೋಡಿದ್ರ ಡ್ಯಾಮಿನ ನೀರು, ಅಡವಿ, ಎಲ್ಲಾ ನನ್ನ ಕಾಲ ಕೆಳಗ! ಕೇಳೋರು ಯಾರೂ ಇರಲಿಲ್ಲ, ಅದಕ್ಕ ಗಟ್ಟ್ಯಾಗಿ ನಕ್ಕೆ.

ನೀ ಮಲಗತಿದ್ದ ಆ ಕಲ್ಲಿನ ಕಾವಲು ಮನ್ಯಾಗೇ ರಾತ್ರಿ ಕಳದೆ. ನಾ ಸಣ್ಣಾಕಿದ್ದಾಗ ಬರ್ತೀನಂತ ಅತ್ತಾಗೆಲ್ಲ, "ಅಲ್ಲಿ ಇಬ್ಬರಿಗೆ ಜಾಗಾ ಇಲ್ಲ ಮಗಳೆ" ಅಂತಿದ್ದಿ. ನೀ ಮಲಗೋ ಕಟ್ಟಿ ಭಾಳ ಅಗಲ ಅದ ಅಪ್ಪಾ. ನಾ ಒಂದು ಬಾಜೂಕ್ಕ ಮಲಗಿದೆ.

ಮುಂಜಾನೆ ಚಾಚಾ ಏದುಸಿರು ಬಿಡಕೋತ ಬಂದ್ರು, ತಮ್ಮ ಬೆನ್ನ ಮ್ಯಾಲ ನನ್ನ ಹೊತ್ತು ಇಳಸಬೇಕಂತ. ಅಷ್ಟೊತ್ತಿಗೆ ನಾ ಮೂರು ಕಲ್ಲಿಟ್ಟು ಚಹಾ ಕಾಸಿದ್ದೆ.

"ಕುಂದ್ರಿ ಚಾಚಾ, ಭಾಳ ದಣದೀರಿ" ಅಂದೆ. "ಚಹಾ ಕುಡದು ಸಾವಕಾಶ ಇಳೀರಿ. ನಾ ಮುಂದ ಹೋಗಿರ್ತೀನಿ."