ಸ್ಕಾಹವ್ವನ ಸೇತುವೆ

ಮುಚ್ಚೂರು,
ಎರಡನೆಯ ಅಧಿಕ ಆಷಾಢದ ಮೂವತ್ತೆರಡನೆಯ ದಿನ,
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೩೪೧

ಪೂಜ್ಯ ಸರ್ವಮಂಗಳಾ ಅಜ್ಜಿಯವರಿಗೆ, ನಿಮ್ಮ ಮರಿಮೊಮ್ಮಕ್ಕಳ ಮರಿಮೊಮ್ಮಕ್ಕಳ ಪೈಕಿ ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳುಗಳನ್ನು ನಾವು ಬೇಕಾದಷ್ಟು ಹಿಗ್ಗಿಸಿಕೊಂಡಿದ್ದೇವೆ. ಸೂರ್ಯನನ್ನೇ ಕಾಣದವರಿಗೆ ಯಾವ ತಿಂಗಳಾದರೇನು? ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಬರುತ್ತವೆ, ಕ್ಷಮಿಸಬೇಕು. ನೀವಿನ್ನೂ ನಲವತ್ತರ ಆಸುಪಾಸಿನ ಹೆಂಗಸು, ನಾನು ಮೊಮ್ಮಗಳನ್ನು ಎತ್ತಿ ಆಡಿಸಿದ ಮುದುಕಿ. ಆದರೂ ಅಜ್ಜಿ ನೀವೇ, ಬೇರೆ ದಾರಿಯಿಲ್ಲ. ಈ ಓಲೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಓಲೆ ಕಳಿಸುವ ಯಂತ್ರ. ಓಲೆ ಹೋಗುತ್ತದೆ, ಉತ್ತರ ಬರುವುದಿಲ್ಲ. ಅಲ್ಲಿ ಏನಾದರೂ ಬದಲಾದರೆ ಇಲ್ಲಿ ನಮಗೆ ಅದು ಮೊದಲಿನಿಂದಲೂ ಹಾಗೇ ಇತ್ತು ಅನ್ನಿಸುತ್ತದಂತೆ. ಹಾಗಾಗಿ ನೀವು ಉಪಕಾರ ಮಾಡಿದರೂ ಥ್ಯಾಂಕ್ಸ್ ಹೇಳಲು ನನಗೆ ನೆನಪಿರುವುದಿಲ್ಲ. ಈಗಲೇ ಹೇಳಿಬಿಟ್ಟಿದ್ದೇನೆ ಎಂದುಕೊಳ್ಳಿ.

ಬಿಸಿಲು ತಡೆಯಲಾರದೆ ನಮ್ಮವರು ಉತ್ತರದ ಈ ದ್ವೀಪಕ್ಕೆ ಬಂದು ಗೋಡೆಯೂ ಚಾವಣಿಯೂ ಇರುವ ಊರು ಕಟ್ಟಿಕೊಂಡರು. ಅದೇ ಮುಚ್ಚೂರು. ಬೆಳಗಾಗುವುದು ದೀಪ ಹಚ್ಚಿದಾಗ, ಸಂಜೆಯಾಗುವುದು ಆರಿಸಿದಾಗ. ಊಟಕ್ಕೆ ಪಾಚಿರೊಟ್ಟಿ, ಅಂದರೆ ಸಮುದ್ರದ ಪಾಚಿಯನ್ನು ಒಣಗಿಸಿ ಬೀಸಿದ ಹಿಟ್ಟಿನ ರೊಟ್ಟಿ. ತಟ್ಟುವಾಗ ಸದ್ದು ಜೋಳದ ರೊಟ್ಟಿಯದೇ, ರುಚಿಯ ಬಗ್ಗೆ ಕೇಳಬೇಡಿ. ಒಗೆದ ಬಟ್ಟೆ ಎಂದೂ ಪೂರ್ತಿ ಒಣಗುವುದಿಲ್ಲ. ಗಂಡಸರಲ್ಲಿ ಗೋಡೆಗಾರರೆಂಬವರಿದ್ದಾರೆ. ಅವರು ದಿನಾ ಹೊರಗೆ ಹೋಗಿ ಗೋಡೆ ರಿಪೇರಿ ಮಾಡಿ, ಕೆನ್ನೆ ಕೆಂಪಗೆ ಮಾಡಿಕೊಂಡು, ಮೈಯೆಲ್ಲ ಗಾಳಿಯ ವಾಸನೆ ಹೊತ್ತು ಬರುತ್ತಾರೆ. ಹೊರಗೆ ಹೋದ ಯಾರೂ ಸತ್ತಿಲ್ಲ, ಕೆಮ್ಮೂ ಬಂದಿಲ್ಲ. ಹೆಂಗಸರಿಗೆ ಮಾತ್ರ ಆ ಬಾಗಿಲು ಇಲ್ಲ. ಯಾಕೆಂದು ಕೇಳಿದರೆ ಎಲ್ಲರೂ ನಿಮ್ಮ ಕಡೆ ಬೆರಳು ತೋರಿಸುತ್ತಾರೆ.

ಹುಬ್ಬಳ್ಳಿಯ ಬಾಡಿಗೆ ಹಾಲಿನಲ್ಲಿ ನೀವು ಹೆಂಗಸರಿಗೆ ನಡೆಸುವ ಶಿಬಿರದ ಒಂದು ವಿಡಿಯೊ ನಮ್ಮಲ್ಲಿ ಉಳಿದಿದೆ. ಅದು ನಿಮಗಿನ್ನೂ ನಡೆಯದ ಶಿಬಿರ, ಬರುವ ಭಾನುವಾರದ್ದು. ಅದರಲ್ಲಿ ನೀವು ಉತ್ತರದ ದ್ವೀಪಗಳ ಹಳೆಯ ಕೆಲ್ಟ್ ಜನರ ಪುರಾಣದ ಸ್ಕಾಹಖ್ ಎಂಬ ವೀರಮಹಿಳೆಯ ಕಥೆ ಹೇಳುತ್ತೀರಿ. ಮಂಜಿನ ದ್ವೀಪದಲ್ಲಿ ಅವಳ ಕೋಟೆ, ದೊಡ್ಡ ದೊಡ್ಡ ವೀರರಿಗೆ ಯುದ್ಧ ಕಲಿಸಿದವಳು ಅವಳು, ಕಾಲಿಟ್ಟವರನ್ನು ಎತ್ತಿ ಒಗೆಯುವ ಸೇತುವೆಯನ್ನು ಹಾರಿ ದಾಟಿದವರು ಮಾತ್ರ ಅವಳ ಶಿಷ್ಯರು. ಆಮೇಲೆ ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೇತುವೆ ಬರೆಯುತ್ತೀರಿ. ಬ್ಯಾಂಕಿನವರು, ಟೀಚರಮ್ಮಂದಿರು, ಸೊಸೆಯರು, ಅತ್ತೆಯರು ಒಬ್ಬೊಬ್ಬರಾಗಿ ಅದನ್ನು ಹಾರುತ್ತಾರೆ. ದಪ್ಪಗಿನ ಒಬ್ಬಾಕೆ ಹಾರಿ ನಿಂತು ಗಳಗಳ ಅಳುತ್ತಾಳೆ, ನೀವು ತಬ್ಬಿಕೊಳ್ಳುತ್ತೀರಿ. ಎಷ್ಟು ಸಲ ನೋಡಿದ್ದರೂ ಅಲ್ಲಿ ನನ್ನ ಕಣ್ಣೂ ತುಂಬುತ್ತದೆ. ನೀವು ಒಳ್ಳೆಯವರು ಅಜ್ಜಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅವರು ಹಾರುವ ಮೊದಲು ನೀವು ಹಿಂದಕ್ಕೆ ತಿರುಗಿ ಒಂದು ಮಾತು ಹೇಳುತ್ತೀರಿ: "ಬಾಗ್ಲಾ ಹಾಕ್ರೆವ್ವಾ, ಎಸಿ ಹಚ್ಚೇವಿ."

ಆ ಮಾತು ಈಗ ನಮ್ಮ ಮಂತ್ರ. ಹದಿನೆಂಟು ತುಂಬಿದ ಹುಡುಗಿಯನ್ನು ಸಭಾಮನೆಗೆ ಕರೆತಂದು, ನೆಲದ ಮೇಲೆ ನಿಮ್ಮ ಸೇತುವೆಯನ್ನು ನಿಮ್ಮಂತೆಯೇ ಬರೆದು, ಊರಿನವರೆಲ್ಲ ಎದ್ದು ನಿಂತು ಅದನ್ನು ಮೂರು ಸಲ ಹೇಳುತ್ತಾರೆ. ಬಾಗಿಲು ಹಾಕುತ್ತಾರೆ. ಹುಡುಗಿ ಹಾರುತ್ತಾಳೆ, ಚಪ್ಪಾಳೆ ಬೀಳುತ್ತದೆ, ಕೈಗೊಂದು ತಗಡಿನ ಕತ್ತಿ ಬರುತ್ತದೆ. ಅಂದಿನಿಂದ ಅವಳು ಸ್ಕಾಹವ್ವನ ಮಗಳು, ಸ್ಕಾಹಖ್ ನಮ್ಮ ಬಾಯಲ್ಲಿ ಸ್ಕಾಹವ್ವ. ದಾಟಬೇಕಾದ್ದನ್ನು ದಾಟಿಯಾಯಿತು, ಇನ್ನು ಯಾವ ಬಾಗಿಲೂ ಅವಳಿಗೆ ಬೇಕಿಲ್ಲ ಎಂಬುದು ಕಟ್ಟಳೆ. ಎಸಿ ಎಂದರೆ ಆತ್ಮಚೈತನ್ಯ, ಬಾಗಿಲು ತೆರೆದರೆ ಅದು ಸೋರಿಹೋಗುತ್ತದೆ ಎಂದು ಪಾಠಶಾಲೆಯಲ್ಲೇ ಕಲಿಸುತ್ತಾರೆ. ಎಸಿ ಎಂದರೆ ಕೋಣೆ ತಂಪು ಮಾಡುವ ಯಂತ್ರ ಕಣ್ರೋ, ಹಳೆಯ ನಿಘಂಟಿನಲ್ಲಿದೆ ಎಂದು ನಾನು ಸಭೆಯಲ್ಲಿ ಬಾಯಿಬಿಟ್ಟೆ. ನಕ್ಕರು. ಊರ ಹಿರಿಯ ರುದ್ರಗೌಡ ನನಗೇ ಸಮಾಧಾನ ಹೇಳಿದ: "ಅವ್ವಾರ, ವೀರರಾಣಿ ನಿಮ್ಮೊಳಗ ಅದಾಳಲ್ರೀ. ಮತ್ತ ಹೊರಗ್ಯಾಕ ಹುಡುಕ್ತೀರಿ?" ಕೆಟ್ಟವನಲ್ಲ, ನಂಬಿ ಹೇಳಿದ. ಬೀಗ ಹಾಕಿದವನ ಜೊತೆ ಜಗಳವಾಡಬಹುದು, ಆರತಿ ಎತ್ತಿ ಒಳಗೆ ಕೂರಿಸಿದವನ ಜೊತೆ ಏನು ಮಾಡುವುದು?

ತಮಾಷೆ ಏನೆಂದರೆ, ಗೋಡೆಗಾರರು ಹೇಳುವ ಪ್ರಕಾರ ಇದು ಅದೇ ದ್ವೀಪ. ಸ್ಕಾಹಖ್ ಇದ್ದಳೆಂಬ ಬಂಡೆ ಇಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿದೆಯಂತೆ. ಬದುಕಿಡೀ ಅವಳ ಹೆಸರು ಹೇಳಿ ನೂರಾರು ಹುಡುಗಿಯರಿಗೆ ಹಾರಲು ಕಲಿಸಿದವಳು ನಾನು, ಅದನ್ನು ನೋಡಿಲ್ಲ.

ಇನ್ನು ನನ್ನ ಮೊಮ್ಮಗಳು ಹೊನ್ನವ್ವನ ವಿಷಯ. ಹದಿನೆಂಟು ತುಂಬದ, ಇನ್ನೂ ಹಾರದ ಹುಡುಗಿಯರಿಗೆ ಗಾಳಿಮನೆಗೆ ಹೋಗುವ ಅವಕಾಶವಿದೆ. ಗೋಡೆಗಾರರು ಹೊರಡುವಾಗ ಬಾಗಿಲು ತೆರೆಯುತ್ತದಲ್ಲ, ಅಲ್ಲಿನ ಮೊಗಸಾಲೆಗೆ ನಾವು ಹಾಗೆನ್ನುತ್ತೇವೆ. ನಡೆಯಲು ಕಲಿತಾಗಿನಿಂದ ಈ ಹುಡುಗಿ ಅಲ್ಲೇ ಬಿದ್ದಿರುತ್ತಾಳೆ. ಒಂದು ದಿನ ಯಾರೂ ನೋಡದಾಗ ಹೊರಗೆ ನಾಲ್ಕು ಹೆಜ್ಜೆ ಓಡಿ ಬಂದು, ಬೆರಳ ಸಂದಿಯ ಕೆಸರನ್ನು ನನಗೆ ತೋರಿಸಿದಳು. ಆ ಕಾಲನ್ನು ಎರಡು ದಿನ ತೊಳೆಯಲಿಲ್ಲ. ಇವತ್ತು ಅವಳಿಗೆ ಹದಿನೆಂಟು ತುಂಬಿತು. ಹಾರಿದರೆ ಗಾಳಿಮನೆಯೂ ಮುಗಿಯಿತು, ಸಾಯುವತನಕ ಪಾಚಿ ತೊಟ್ಟಿಯ ಕೆಲಸ. ಹಾರದಿದ್ದರೆ ಯಾವ ಮನೆಯವರೂ ಅವಳನ್ನು ಪಂಕ್ತಿಗೆ ಕೂರಿಸುವುದಿಲ್ಲ. ಬೆಳಿಗ್ಗೆ ತಲೆ ಬಾಚುವಾಗ ಕೇಳಿದಳು, "ಅಜ್ಜೀ, ಸೇತುವಿ ಎರಡೂ ತುದಿ ಒಳಗ ಅದಾವಲ್ಲ, ದಾಟಿ ಎಲ್ಲಿಗಿ ಹೋಗೂದು?" ಬಾಚಣಿಗೆ ಕೆಳಗಿಟ್ಟು ಈ ಓಲೆ ಬರೆಯಲು ಕೂತೆ. ಕಥೆಯಲ್ಲಿ ಸ್ಕಾಹಖ್‌ಳ ಹತ್ತಿರ ಕಲಿತ ವೀರ ಕಲಿಯುವುದು ಮುಗಿದ ಮೇಲೆ ತನ್ನ ಊರಿನ ಕಡೆ ಹೊರಟೇಬಿಡುತ್ತಾನೆ. ಅವನನ್ನು ಅವಳು ಕೂಡಿಹಾಕಿಕೊಳ್ಳಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಭಾನುವಾರ ಶಿಬಿರದಲ್ಲಿ ಬಾಗಿಲು ತೆರೆದಿಡಿಸಿ. ಸೆಕೆಯಾದರೆ ಸೆರಗಿನಿಂದ ಗಾಳಿ ಹಾಕಿಕೊಳ್ಳಿ, ಒಂದು ದಿನ ಬೆವರಿದರೆ ಯಾರೂ ಕರಗುವುದಿಲ್ಲ. ಸೀಮೆಸುಣ್ಣದ ಸೇತುವೆಯನ್ನು ಹಾಲಿನೊಳಗೆ ಮುಗಿಸಬೇಡಿ, ಹೊಸ್ತಿಲು ದಾಟಿಸಿ ಹೊರಗಿನ ಮೆಟ್ಟಿಲ ಮೇಲೆ ಮುಗಿಸಿ. ಹಾರಿದ ಹೆಂಗಸರು ಬೀದಿಯಲ್ಲಿ ಹೋಗಿ ನಿಲ್ಲಲಿ. ಆಟೊದವರು ನೋಡಿ ನಗಲಿ. ರುದ್ರಗೌಡ ನನ್ನ ಮಾತು ಕೇಳುವವನಲ್ಲ, ಆದರೆ ನೀವು ಎಳೆದ ಗೆರೆಯನ್ನು ಒಂದು ಬೆರಳು ಮೊಟಕು ಮಾಡುವ ಧೈರ್ಯವೂ ಅವನಿಗಿಲ್ಲ. ಗೆರೆ ಹೊರಗೆ ಹೋದರೆ ಅವನು ತನ್ನ ಕೈಯಾರೆ ಬಾಗಿಲು ತೆರೆಯಲೇಬೇಕು.

ಸಭಾಮನೆಯಲ್ಲಿ ಮಂತ್ರ ಶುರುವಾಗಿದೆ. ಹೊನ್ನವ್ವ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಾಳೆ. ಬೇಗ ಗೆರೆ ಎಳೆಯಿರಿ, ಅಜ್ಜಿ.

ನಿಮ್ಮ
ನೀಲವ್ವ