ನಗುವ ಚಿರತೆ

ತಿಪ್ಪಸಂದ್ರ
ಮಂಗಳವಾರ, 4 ಮಾರ್ಚ್ 2025

ಚನ್ನಪಟ್ಟಣದ ಕಾಲೇಜಿನಲ್ಲಿ ಹಕ್ಕಿಗಳ ಪಾಠ ಹೇಳುವ ಸೋದರಸೊಸೆ ಮಾನ್ಯಳಿಗೆ, ಹಕ್ಕಿಗಳಿಗೇ ಪಾಠ ಹೇಳಬಲ್ಲ ಮಾವ ಗಂಗರಾಜುವಿನ ಆಶೀರ್ವಾದ.

ಭಾನುವಾರ ಕಾಲೇಜಿನ ಹುಡುಗರನ್ನು ಕರೆದುಕೊಂಡು, ದನಿ ಹಿಡಿಯುವ ಮೆಷಿನ್ನು ತರುತ್ತೇನೆ, ಅದಕ್ಕೆ ಮೊದಲು ಒಂದು ಮಧ್ಯಾಹ್ನ ಕಾಡಲ್ಲಿ ಕೂತು ಕಂಡದ್ದೆಲ್ಲ ಬರೆದು ಕಳಿಸಿ ಮಾವ ಅಂದಿದ್ದೆ ನೀನು. ಏಳನೇ ಕ್ಲಾಸಿಗೇ ಬಿಟ್ಟವನಾದರೂ ನನ್ನ ಅಕ್ಷರವನ್ನು ಮೇಷ್ಟ್ರು ಇಡೀ ಸ್ಕೂಲಿಗೆ ತೋರಿಸಿದ್ದರು. ನೆನ್ನೆ ಎರಡು ಗಂಟೆಗೆ ಅರಣ್ಯ ಇಲಾಖೆಯ ವಾಚರ್ ಶರ್ಟು ತೊಟ್ಟು ಸಾವನದುರ್ಗದ ಹಿಂದಿನ ಕಾಡಿಗೆ ಹೋಗಿ, ಗೂಗೆಬಂಡೆಯ ಎದುರಿನ ಮುತ್ತುಗದ ಬುಡದಲ್ಲಿ ಕೂತೆ. ಹೌದು, ಅದೇ ಬಂಡೆ. ನಿಮ್ಮಪ್ಪ ಬಿದ್ದು ಸತ್ತ ಬಂಡೆ.

ಬರೆದುಕೋ. ಮುತ್ತುಗ ಎಲೆಯೆಲ್ಲ ಉದುರಿಸಿ ಕೆಂಡದ ಹಾಗೆ ಹೂ ಬಿಟ್ಟಿತ್ತು. ಹೂವಿನ ತುಂಬ ಜೇನು. ಸೂರಕ್ಕಿ ನಾಲ್ಕು, ಮರಕುಟಿಗ ಒಂದು, ಪಿಕಳಾರಗಳು ಎಣಿಸಲಾರದಷ್ಟು. ಕೆಂಜಿಗದ ಇರುವೆ ಎರಡು, ಎರಡೂ ನನ್ನ ಪ್ಯಾಂಟಿನೊಳಗೆ. ಸೂರಕ್ಕಿಯ ಹಾಗೆ ನಾನೊಂದು ದನಿ ತೆಗೆದೆ ನೋಡು, ಗಂಡು ಬಂದು ನನ್ನ ಟೋಪಿಯ ಮೇಲೇ ಜಗಳಕ್ಕೆ ಕೂತಿತು. ಸುಳ್ಳಲ್ಲ. ಒಸಿ ಸುಳ್ಳು.

ಮೂರು ಗಂಟೆಯಿರಬೇಕು. ಕಿವಿ ತೂತಾಗುವಂತೆ ಕಿರುಚುತ್ತಿದ್ದ ಜೀರುಂಡೆಗಳು ಒಟ್ಟಿಗೇ ನಿಂತವು. ಯಾರೋ ಕಾಡಿನ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಆಗ ಬಂಡೆಯ ಮೇಲಿಂದ ನಿಮ್ಮಪ್ಪ ಕುರಿ ಕರೆದ.

ಎರಡು ಸಲ ನಾಲಿಗೆ ಲೊಟಕಿಸಿ, ಆಮೇಲೆ ಎಳೆದ ಸಿಳ್ಳೆ, ಕೊನೆಗೆ ಮೇಲಕ್ಕೆ ಏರಿಸಿ. ಊರಲ್ಲಿ ಇನ್ಯಾರೂ ಹಾಗೆ ಕರೆಯುತ್ತಿರಲಿಲ್ಲ. ನಾನು ಎದ್ದು ನಿಂತು “ಭಾವ” ಅಂದೆ. ಹನ್ನೊಂದು ವರ್ಷದ ಮೇಲೆ.

ಬಂಡೆಯ ತುದಿಯ ಬಸರಿ ಮರದಲ್ಲಿ ಒಂದು ಭೀಮರಾಜ ಕೂತಿತ್ತು. ಕರೀ ಹಕ್ಕಿ, ಬಾಲದಲ್ಲಿ ತಂತಿಯಂಥ ಎರಡು ಗರಿ. ಕೇಳಿದ ದನಿಯನ್ನೆಲ್ಲ ಕದಿಯುವ ಹಕ್ಕಿ ಅಂತ ನೀನೇ ಹೇಳಿದ್ದೆ. ಅಬ್ಬಾ ಅಂತ ಉಸಿರು ಬಿಟ್ಟೆ.

ಸಿಳ್ಳೆಯ ಹಿಂದೆಯೇ ಅದು ಚಿರತೆಯ ಹಾಗೆ ಕೆಮ್ಮಿತು, ಗರಗಸ ಎಳೆದಂತೆ. ಆಮೇಲೆ ಸಣ್ಣ ಕಲ್ಲುಗಳು ಉರುಳುವ ಸದ್ದು. ಆಮೇಲೆ ನಕ್ಕಿತು. ಮೂಗಿನಲ್ಲಿ, ಕಿಸಕ್ಕನೆ.

ಆ ನಗು ನಿನಗೆ ಗೊತ್ತು ಮಾನ್ಯ. ಚಿಕ್ಕವಳಿದ್ದಾಗ ನಾನು ಚಿರತೆಯ ಹಾಗೆ ಕೂಗಿದರೆ ನೀನು ಕಂಬಳಿಯೊಳಗೆ ನುಗ್ಗುತ್ತಿದ್ದೆ. ಕೊನೆಗೆ ನನ್ನ ಆ ನಗು ಕೇಳಿದ ಮೇಲೇ ತಲೆ ಹೊರಗೆ ಹಾಕುತ್ತಿದ್ದೆ. ಭಾನುವಾರ ನಿನ್ನ ಮೆಷಿನ್ನು ಅದನ್ನು ಹಿಡಿಯುತ್ತದೆ. ಹಕ್ಕಿ ಹೇಳುವ ಮೊದಲು ನಾನೇ ಹೇಳಬೇಕು.

ನಿಮ್ಮಪ್ಪ ಸಾಯುವ ಹಿಂದಿನ ಸಂಜೆ ಹಟ್ಟಿಯ ಮುಂದೆ ಎಲ್ಲರಿಗೂ ಚಿರತೆ ಕೂಗಿ ತೋರಿಸಿದೆ. ಭಾವ ಬೀಡಿ ಹಚ್ಚುತ್ತಾ, “ಲೇ ಗಂಗ, ನಿನ್ ಚಿರತೆ ಕೊನೇಲಿ ನಕ್ಬುಡ್ತದೆ ಕಣ್ಲಾ. ನಗೋ ಚಿರತೆಗೆ ಮೇಕೆಮರೀನೂ ಎದರಾಕಿಲ್ಲ” ಅಂದ. ಜನ ಬಿದ್ದು ಬಿದ್ದು ನಕ್ಕರು. “ನಾಳೀಕೆ ನೋಡುವ್ರಂತೆ ಭಾವ” ಅಂದೆ.

ಮರುದಿನ ಗೂಗೆಬಂಡೆಯ ಪೊದೆಯಲ್ಲಿ ಅಡಗಿ ಕೂತೆ. ಅವನು ಕುರಿ ಕರೆದ. ನಾನು ಕೂಗಿದೆ. ನಗು ಬಂತು, ತುಟಿ ಕಚ್ಚಿ ತಡೆದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ಕೂಗಿರಲಿಲ್ಲ. ಅವನು ಹಿಂದಕ್ಕೆ ಹೆಜ್ಜೆ ಇಟ್ಟ. ಹಿಂದೆ ಬಂಡೆ ಇರಲಿಲ್ಲ. ಕಲ್ಲು ಉರುಳಿದ್ದು ಕೇಳಿ, ಭಾವ ಹೆದರಿ ಓಡಿಹೋದ, ನಾನು ಗೆದ್ದೆ ಅಂದುಕೊಂಡು ನಕ್ಕೆ. ಆಮೇಲೆ ಇಣುಕಿ ನೋಡಿದೆ.

ಊರವರು ಹುಡುಕಿದರೂ ಚಿರತೆ ಹೆಜ್ಜೆ ಎಲ್ಲೂ ಸಿಗಲಿಲ್ಲ. ಆ ಬೆಳಿಗ್ಗೆ ನಿಮ್ಮಮ್ಮ ಜಗಳದಲ್ಲಿ ಅವನಿಗೆ “ತಿರುಗಿ ಈ ಹೊಸ್ತಿಲು ತುಳೀಬ್ಯಾಡ” ಅಂದಿದ್ದು ಬೀದಿಗೆಲ್ಲ ಕೇಳಿತ್ತು. ಆ ಮಾತಿಗೆ ನೊಂದು ಹಾರಿಕೊಂಡ ಅಂತ ಊರು ತೀರ್ಮಾನಿಸಿತು. ಹತ್ತನೇ ಕ್ಲಾಸಿನ ನೀನೂ ನಂಬಿದೆ. ಆ ಮಾತಾಡಿದ ನನ್ನ ಅಕ್ಕನೂ ನಂಬಿದಳು. ಇವತ್ತಿಗೂ ಹಬ್ಬಕ್ಕೆ ಬಂದರೆ ಅವಳ ಕೈಯಲ್ಲಿ ಬಡಿಸಿಕೊಳ್ಳುವುದಿಲ್ಲ ನೀನು. ಅವಳು ಸೌಟು ಹಿಡಿದು ನಿಂತೇ ಇರುತ್ತಾಳೆ. ನಾನು ಎದುರಿಗೆ ಕೂತು ಜೋಕು ಹೇಳಿ ಎಲ್ಲರನ್ನೂ ನಗಿಸುತ್ತೇನೆ.

ಭಾನುವಾರ ಕಾಡಿಗೆ ಹೋಗುವ ಮೊದಲು ಮನೆಗೆ ಬಾ. ಅಕ್ಕನಿಗೆ ನಿನ್ನೆದುರೇ ಹೇಳುತ್ತೇನೆ. ಅದಕ್ಕಿಂತ ಮೊದಲು ಅವಳ ಕೈಯಿಂದ ಒಂದು ತುತ್ತು ಬಡಿಸಿಕೋ.

ಇನ್ನು ಮೇಲೆ ನೀನು ಮಾವ ಅನ್ನದಿದ್ದರೂ ನಿನ್ನ ಮಾವನೇ ಆದ,
ಗಂಗರಾಜು

ಬರೆಯದೆ ಬಿಟ್ಟದ್ದು: ಭೀಮರಾಜ ಒಂದು ಅಂದೆನಲ್ಲ, ನಿನ್ನ ಪಟ್ಟಿಯಲ್ಲಿ ಸುಳ್ಳು ಬೇಡ. ಮೂರಿದ್ದವು. ಎರಡು ಹೋದ ವರ್ಷದ ಮರಿಗಳು, ಬಾಲದ ತಂತಿ ಇನ್ನೂ ಬೆಳೆದಿಲ್ಲ. ಸಿಳ್ಳೆಯಾಗಲಿ ಚಿರತೆಯಾಗಲಿ ಅವಕ್ಕೆ ಬರುವುದಿಲ್ಲ. ನಗು ಮಾತ್ರ ಕಲಿತಿವೆ. ನಾನು ಕಾಡು ದಾಟಿ ರಸ್ತೆಗೆ ಬರುವವರೆಗೂ ಮರದಿಂದ ಮರಕ್ಕೆ ಹಾರುತ್ತಾ, ನಗುತ್ತಾ ಹಿಂದೆಯೇ ಬಂದವು.